ವೀಸಾ ನಿರ್ಧಾರವಾಗುವುದು ಕರಾರುಪತ್ರ ಬರೆಯುವ ದಿನ

ಜರ್ಮನಿಯ ಹ್ಯಾನೋವರ್ ಕೈಗಾರಿಕಾ ಮೇಳ, ಫ್ರಾಂಕ್‌ಫರ್ಟಿನ ಗೃಹಬಳಕೆ ವಸ್ತುಗಳ ಪ್ರದರ್ಶನ, ಚೀನಾದ ಗುವಾಂಗ್‌ಝೌನಲ್ಲಿ ವರ್ಷಕ್ಕೆ ಎರಡು ಬಾರಿ ನಡೆಯುವ ಕ್ಯಾಂಟನ್ ಮೇಳ ಇವೆಲ್ಲ ಒಂದು ಕಾಲಕ್ಕೆ ದೊಡ್ಡ ಉದ್ದಿಮೆಗಳ ಅಧಿಕಾರಿಗಳು ಮಾತ್ರ ಹೋಗಿಬರುತ್ತಿದ್ದ ಸ್ಥಳಗಳಾಗಿದ್ದವು. ಇಂದು ಪರಿಸ್ಥಿತಿ ಬದಲಾಗಿದೆ. ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆಯ ಯಂತ್ರಭಾಗ ತಯಾರಕರು, ಬಿ.ಟಿ.ಎಂ. ಬಡಾವಣೆಯಿಂದಾಚೆ ಬೊಮ್ಮನಹಳ್ಳಿ ಹಾಗೂ ಹೊಸೂರು ರಸ್ತೆಯುದ್ದಕ್ಕೂ ಇರುವ ಸಿದ್ಧ ಉಡುಪು ತಯಾರಕರು, ಜಯನಗರ, ಬನಶಂಕರಿಗಳ ರೇಷ್ಮೆ ಮತ್ತು ಅಗರಬತ್ತಿ ವರ್ತಕರು ಸಹ ವಾರ, ಹತ್ತು ದಿನಗಳ ಪ್ರವಾಸಕ್ಕೆಂದು ವಿದೇಶಕ್ಕೆ ಹೊರಡುತ್ತಿದ್ದಾರೆ. ಇದು ಸಂತೋಷಪಡಬೇಕಾದ ಬೆಳವಣಿಗೆಯೇ ಸರಿ.

ಆದರೆ ಇಂತಹ ಪ್ರವಾಸದ ಸಿದ್ಧತೆಯಲ್ಲಿ ಒಂದು ವಿಚಿತ್ರ ಅಸಮತೋಲನ ಕಂಡುಬರುತ್ತದೆ. ಮಾದರಿಗಳನ್ನು ಆರಿಸುವುದು, ದರಪಟ್ಟಿ ಸಿದ್ಧಪಡಿಸುವುದು, ಮಳಿಗೆಯ ಬಾಡಿಗೆ ಗೊತ್ತುಪಡಿಸುವುದು ಎಲ್ಲವನ್ನೂ ಮಾಲೀಕರೇ ಮುಂದೆ ನಿಂತು ಮಾಡುತ್ತಾರೆ. ವೀಸಾ ವಿಷಯ ಬಂದಾಗ ಮಾತ್ರ ಪಾಸ್‌ಪೋರ್ಟನ್ನು ಟ್ರಾವೆಲ್ ಏಜೆಂಟರ ಕೈಗಿತ್ತು, 'ಯಾವುದು ಬೇಗ ಸಿಗುತ್ತದೋ ಅದನ್ನು ಮಾಡಿಸಿ' ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ರೈಲಿನ ಟಿಕೆಟ್ಟಿಗೂ ವೀಸಾಕ್ಕೂ ವ್ಯತ್ಯಾಸವಿಲ್ಲವೆಂಬ ಈ ಭಾವನೆಯೇ ಅನೇಕ ತೊಂದರೆಗಳ ಮೂಲ. ವೀಸಾ ಅರ್ಜಿಯೆಂಬುದು ಪರದೇಶದ ಸರ್ಕಾರಕ್ಕೆ ವ್ಯಾಪಾರಿಯೊಬ್ಬನು ಸಹಿ ಮಾಡಿಕೊಡುವ ಹೇಳಿಕೆ. ಅದರಲ್ಲಿ ಬರೆದ ಉದ್ದೇಶಕ್ಕೂ ಅಲ್ಲಿ ಹೋಗಿ ಮಾಡುವ ಕೆಲಸಕ್ಕೂ ಹೊಂದಿಕೆಯಾಗದಿದ್ದರೆ ಉತ್ತರ ಕೊಡಬೇಕಾದವನು ಏಜೆಂಟನಲ್ಲ, ಸಹಿ ಮಾಡಿದವನು.

ನೆರೆಯಲ್ಲೇ ಇರುವ ಪಾಠ

ಈ ಮಾತಿಗೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪ್ರಧಾನ ಕಚೇರಿಯನ್ನು ಹೊಂದಿರುವ ಇನ್ಫೋಸಿಸ್ ಸಂಸ್ಥೆಯು ಅಮೆರಿಕದಲ್ಲಿ ಎದುರಿಸಿದ ಪ್ರಕರಣವೇ ಸಾಕು. ಅಲ್ಪಾವಧಿಯ ವ್ಯವಹಾರ ಭೇಟಿಗೆಂದು ನೀಡಲಾಗುವ ಬಿ-1 ವೀಸಾದಲ್ಲಿ ನೌಕರರನ್ನು ಕಳುಹಿಸಿ, ಎಚ್-1ಬಿ ವೀಸಾ ಪಡೆದು ಮಾಡಬೇಕಾದ ಕೆಲಸವನ್ನು ಅವರಿಂದ ಮಾಡಿಸಲಾಗಿದೆ ಎಂಬುದು ಆರೋಪವಾಗಿತ್ತು. ಸಂಸ್ಥೆಯ ಅಮೆರಿಕದ ನೌಕರರೊಬ್ಬರು 2011ರಲ್ಲಿ ಅಲಬಾಮಾದಲ್ಲಿ ಹೂಡಿದ ದಾವೆಯಿಂದ ವಿಷಯ ಬಹಿರಂಗವಾಯಿತು. ಅವರ ದಾವೆಯನ್ನು ನ್ಯಾಯಾಲಯವು 2012ರಲ್ಲಿ ವಜಾ ಮಾಡಿತಾದರೂ ಸರ್ಕಾರದ ತನಿಖೆ ನಿಲ್ಲಲಿಲ್ಲ. 2013ರ ಅಕ್ಟೋಬರ್ 30ರಂದು ಸಂಸ್ಥೆಯು 3 ಕೋಟಿ 40 ಲಕ್ಷ ಡಾಲರ್ ನೀಡಿ ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡಿತು. ವೀಸಾ ದುರುಪಯೋಗದ ಆರೋಪವನ್ನು ಸಂಸ್ಥೆ ಒಪ್ಪಲಿಲ್ಲ. ನೌಕರರ ದಾಖಲೆಪತ್ರಗಳ ನಿರ್ವಹಣೆಯಲ್ಲಿ ಲೋಪಗಳಾಗಿದ್ದವೆಂಬುದನ್ನು ಮಾತ್ರ ಒಪ್ಪಿಕೊಂಡಿತು. ಇದೇ ಬಗೆಯ ಆರೋಪದ ಮೇಲೆ ಕ್ಯಾಲಿಫೋರ್ನಿಯ ರಾಜ್ಯದೊಂದಿಗೆ 2019ರ ಡಿಸೆಂಬರಿನಲ್ಲಿ, ಅಲ್ಲಿಯೂ ತಪ್ಪನ್ನು ಒಪ್ಪದೆಯೇ, 8 ಲಕ್ಷ ಡಾಲರಿನ ಮತ್ತೊಂದು ಇತ್ಯರ್ಥ ನಡೆಯಿತು.

ಸಣ್ಣ ಉದ್ದಿಮೆದಾರರು ಗಮನಿಸಬೇಕಾದದ್ದು ಹಣದ ಮೊತ್ತವನ್ನಲ್ಲ. ಅಮೆರಿಕ ಸರ್ಕಾರ ತನ್ನ ಆರೋಪಕ್ಕೆ ಆಧಾರವಾಗಿ ಮುಂದಿಟ್ಟದ್ದು ಆಹ್ವಾನ ಪತ್ರಗಳನ್ನು. 'ಸಭೆ', 'ಚರ್ಚೆ' ಎಂದು ಪತ್ರದಲ್ಲಿ ಬರೆದು, ವಾಸ್ತವವಾಗಿ ಬೇರೆ ಕೆಲಸ ನಡೆಯಿತೆಂಬುದು ಅದರ ವಾದ. ಅಧಿಕಾರಿಗಳ ಮುಂದೆ ಯಾವ ಪದಗಳನ್ನು ಬಳಸಬಾರದೆಂದು ನೌಕರರಿಗೆ ನೀಡಿದ್ದ ಸೂಚನೆಯನ್ನೂ ಅದು ಉಲ್ಲೇಖಿಸಿತು. ಅಂದರೆ ಒಂದು ಸಾಮಾನ್ಯ ಒಕ್ಕಣೆಯ ಪತ್ರ, ಕಡತದಲ್ಲಿ ಮಲಗಿದ್ದು ವರ್ಷಗಳ ನಂತರ ಎದ್ದು ಸಾಕ್ಷಿ ಹೇಳಬಹುದು. ಹನುಮಂತನೇ ಹಗ್ಗ ತಿನ್ನುವಾಗ ಪೂಜಾರಿಗೆ ಶಾವಿಗೆ ಎಲ್ಲಿಂದ ಬರಬೇಕು? ವಕೀಲರ ಪಡೆಯನ್ನೇ ಇಟ್ಟುಕೊಂಡ ಸಂಸ್ಥೆಗೆ ಒದಗಿದ ಸಂಕಷ್ಟ, ಹತ್ತಿಪ್ಪತ್ತು ಮಂದಿ ಕೆಲಸಗಾರರ ಕಾರ್ಖಾನೆಗೆ ಒದಗಿದರೆ ಅದು ಚೇತರಿಸಿಕೊಳ್ಳುವುದು ಕಷ್ಟ.

ವ್ಯವಹಾರ ಯಾವುದು, ಕೆಲಸ ಯಾವುದು

ಬಹುತೇಕ ದೇಶಗಳ ಕಾನೂನಿನ ತಿರುಳು ಒಂದೇ. ಖರೀದಿದಾರರನ್ನು ಭೇಟಿಯಾಗುವುದು, ದರ ಮಾತನಾಡುವುದು, ಕರಾರಿಗೆ ಸಹಿ ಹಾಕುವುದು, ಮೇಳವನ್ನು ನೋಡುವುದು, ಸಮ್ಮೇಳನದಲ್ಲಿ ಭಾಗವಹಿಸುವುದು ಇವು ವ್ಯವಹಾರ. ಆ ದೇಶದ ಸಂಸ್ಥೆಯೊಂದರಿಂದ ಸಂಬಳ ಪಡೆಯುವುದು, ಅಲ್ಲಿನ ಕೆಲಸಗಾರನೊಬ್ಬನು ಮಾಡಬಹುದಾದ ಕೆಲಸವನ್ನು ತಾನು ಮಾಡುವುದು ಉದ್ಯೋಗ. ಅಮೆರಿಕದಲ್ಲಿ ಮೊದಲನೆಯದಕ್ಕೆ ಬಿ-1, ಚೀನಾದಲ್ಲಿ 'ಎಂ' ವರ್ಗದ ವೀಸಾ, ಬ್ರಿಟನ್ನಿನಲ್ಲಿ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಇವೆ. ಈ ಗೆರೆ ಪರದೇಶಗಳದ್ದು ಮಾತ್ರವೇನೂ ಅಲ್ಲ. ಬಿಸಿನೆಸ್ ವೀಸಾದಲ್ಲಿ ಬಂದು ಯೋಜನೆಗಳ ಸ್ಥಳದಲ್ಲಿ ದುಡಿಯುತ್ತಿದ್ದ ವಿದೇಶೀಯರು ಮರಳಿ ಹೋಗಿ ಉದ್ಯೋಗ ವೀಸಾ ಪಡೆದು ಬರಬೇಕೆಂದು 2009ರಲ್ಲಿ ಭಾರತ ಸರ್ಕಾರವೂ ಗಡುವು ವಿಧಿಸಿತ್ತು.

ದರ ಮಾತನಾಡಲು ಹೋಗುವ ವರ್ತಕನಿಗೆ ಈ ಗೆರೆ ಸ್ಪಷ್ಟವಾಗಿಯೇ ಇದೆ. ತೊಡಕು ಬರುವುದು ತಯಾರಕನಿಗೆ. ಜೆ.ಪಿ. ನಗರದ ತಯಾರಕನೊಬ್ಬನು ಅಮೆರಿಕದ ಕಾರ್ಖಾನೆಗೆ ಪ್ಯಾಕಿಂಗ್ ಯಂತ್ರವೊಂದನ್ನು ಮಾರಿದನೆಂದು ಊಹಿಸಿಕೊಳ್ಳಬಹುದು. ಯಂತ್ರ ಹಡಗಿನಲ್ಲಿ ಹೋಗಿ ಮುಟ್ಟಿದೆ. ಅದನ್ನು ಕೂಡಿಸಿ ಚಾಲನೆಗೊಳಿಸಲು ಫಿಟ್ಟರ್ ಒಬ್ಬನನ್ನು ಹತ್ತು ದಿನಗಳ ಮಟ್ಟಿಗೆ ಕಳುಹಿಸಬೇಕಾಗಿದೆ. ಸ್ಪ್ಯಾನರ್ ಹಿಡಿದು ಬೋಲ್ಟ್ ಬಿಗಿಯುವುದು ವ್ಯವಹಾರವೋ, ಉದ್ಯೋಗವೋ?

ಉತ್ತರವಿರುವುದು ಮಾರಾಟದ ಕರಾರಿನಲ್ಲಿ. ಅಮೆರಿಕದ ಹೊರಗಿನ ಸಂಸ್ಥೆಯಿಂದ ಕೊಂಡ ಯಂತ್ರವನ್ನು ಅಳವಡಿಸಲು, ದುರಸ್ತಿ ಮಾಡಲು ಅಥವಾ ಅಲ್ಲಿನವರಿಗೆ ಆ ಕುರಿತು ತರಬೇತಿ ನೀಡಲು ಬಿ-1 ವೀಸಾದಲ್ಲಿ ಅವಕಾಶವಿದೆ. ಆದರೆ ಮೂರು ನಿಬಂಧನೆಗಳಿವೆ. ಆ ಸೇವೆಯನ್ನು ಮಾರಾಟಗಾರನೇ ಒದಗಿಸತಕ್ಕದ್ದೆಂದು ಮಾರಾಟದ ಕರಾರಿನಲ್ಲಿ ಸ್ಪಷ್ಟವಾಗಿ ನಮೂದಾಗಿರಬೇಕು. ಹೋಗುವವನಿಗೆ ಆ ಯಂತ್ರದ ಬಗ್ಗೆ ವಿಶೇಷ ಜ್ಞಾನವಿರಬೇಕು. ಅವನ ಸಂಬಳ ಅಮೆರಿಕದ ಮೂಲದಿಂದ ಬರಕೂಡದು. ಕಟ್ಟಡ ಕಟ್ಟುವ ಕೆಲಸಕ್ಕೆ ಈ ಅವಕಾಶ ಅನ್ವಯಿಸುವುದಿಲ್ಲ. ಬ್ರಿಟನ್ನಿನ ನಿಯಮವೂ ಇದಕ್ಕೆ ಹತ್ತಿರವಾದದ್ದೇ. ಅಲ್ಲಿಯೂ ಅಲ್ಲಿನ ಸಂಸ್ಥೆಯೊಂದಿಗೆ ಖರೀದಿ, ಸರಬರಾಜು ಅಥವಾ ಗುತ್ತಿಗೆಯ ಕರಾರು ಇದ್ದಾಗ ಯಂತ್ರ ತಯಾರಕರು ಭೇಟಿಯ ವೀಸಾದಲ್ಲಿ ಹೋಗಿ ಯಂತ್ರವನ್ನು ಅಳವಡಿಸಬಹುದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಣ್ಣ ತಯಾರಕರ ಬಹುಪಾಲು ಮಾರಾಟಗಳು ಇಂದಿಗೂ ಪ್ರೊಫಾರ್ಮಾ ಇನ್‌ವಾಯ್ಸ್ ಮತ್ತು ನಾಲ್ಕಾರು ಇ-ಮೇಲ್‌ಗಳ ಮೇಲೆಯೇ ನಡೆಯುತ್ತವೆ. ಅಳವಡಿಕೆಯ ಮಾತು ದೂರವಾಣಿಯಲ್ಲಿ ಆಗಿರುತ್ತದೆ, ಕಾಗದದಲ್ಲಿ ಇರುವುದಿಲ್ಲ. ಫಿಟ್ಟರ್ ಹೊರಡುವ ಹೊತ್ತಿಗೆ ಆ ಒಂದು ವಾಕ್ಯವನ್ನು ಸೇರಿಸಲು ಹೋದರೆ ಅದು ವೀಸಾಕ್ಕಾಗಿ ಹುಟ್ಟಿದ ವಾಕ್ಯವೆಂಬ ಸಂಶಯಕ್ಕೆ ಎಡೆಯಾಗುತ್ತದೆ. ಆದುದರಿಂದ ವೀಸಾದ ಪ್ರಶ್ನೆ ನಿಜವಾಗಿ ನಿರ್ಧಾರವಾಗುವುದು ಅರ್ಜಿ ತುಂಬುವ ದಿನವಲ್ಲ, ಕರಾರುಪತ್ರ ಬರೆಯುವ ದಿನ. ಯುದ್ಧಕಾಲೇ ಶಸ್ತ್ರಾಭ್ಯಾಸ ಇಲ್ಲಿ ನಡೆಯದು.

ಕರಾರು, ವೀಸಾ ಎರಡೂ ಸರಿಯಾಗಿರಬೇಕೆಂಬುದಕ್ಕೆ ಇತ್ತೀಚಿನ ಘಟನೆಯೊಂದು ಸಾಕ್ಷಿಯಾಗಿದೆ. 2025ರ ಸೆಪ್ಟೆಂಬರ್ 4ರಂದು ಅಮೆರಿಕದ ಜಾರ್ಜಿಯ ರಾಜ್ಯದಲ್ಲಿ ಹ್ಯುಂಡೈ ಮತ್ತು ಎಲ್‌ಜಿ ಸಂಸ್ಥೆಗಳು ಜಂಟಿಯಾಗಿ ನಿರ್ಮಿಸುತ್ತಿದ್ದ ಬ್ಯಾಟರಿ ಕಾರ್ಖಾನೆಯ ಮೇಲೆ ವಲಸೆ ಅಧಿಕಾರಿಗಳು ದಾಳಿ ನಡೆಸಿ ಸುಮಾರು 475 ಮಂದಿಯನ್ನು ವಶಕ್ಕೆ ಪಡೆದರು. ಅವರಲ್ಲಿ 300ಕ್ಕೂ ಹೆಚ್ಚು ಮಂದಿ ದಕ್ಷಿಣ ಕೊರಿಯದವರು. ಹಲವರು ಬಿ-1 ವೀಸಾದಲ್ಲಿ ಅಥವಾ ವೀಸಾ ವಿನಾಯಿತಿಯಲ್ಲಿ ಬಂದವರು. ಯಂತ್ರಗಳ ಅಳವಡಿಕೆಗೆ ಬಿ-1 ವೀಸಾವನ್ನು ಬಳಸಬಹುದೆಂದು ಎರಡೂ ಸರ್ಕಾರಗಳು ಅನಂತರ ಮಾತುಕತೆಯಲ್ಲಿ ಸ್ಪಷ್ಟಪಡಿಸಿಕೊಂಡವು. ಆದರೆ ಆ ಸ್ಪಷ್ಟನೆ ಬರುವ ಮೊದಲೇ ತಂತ್ರಜ್ಞರು ಬೇಡಿ ತೊಟ್ಟು, ಒಂದು ವಾರ ಬಂಧನದಲ್ಲಿ ಕಳೆದು, ವಿಶೇಷ ವಿಮಾನದಲ್ಲಿ ಮನೆಗೆ ಮರಳಿದ್ದರು. ಕೊರಿಯ ಸರ್ಕಾರಕ್ಕೆ ವಿಮಾನ ಕಳುಹಿಸುವ ಶಕ್ತಿಯಿತ್ತು. ಏಕಾಂಗಿಯಾಗಿ ಹೋದ ಬೆಂಗಳೂರಿನ ಫಿಟ್ಟರನಿಗೆ ಆಸರೆಯಾಗುವುದು ಅವನ ಕೈಚೀಲದಲ್ಲಿರುವ ಕರಾರಿನ ಪ್ರತಿ ಮಾತ್ರ.

ಯೂರೋಪಿನ ಲೆಕ್ಕಾಚಾರ

ಷೆಂಗೆನ್ ವ್ಯವಸ್ಥೆಯ 29 ದೇಶಗಳ ವಿಷಯದಲ್ಲಿ ಬೇರೊಂದು ಬಗೆಯ ಎಡವಟ್ಟು ಸಾಮಾನ್ಯ. ಪ್ರವಾಸದ ಮುಖ್ಯ ಉದ್ದೇಶ ಅಥವಾ ಹೆಚ್ಚಿನ ದಿನಗಳ ವಾಸ ಯಾವ ದೇಶದಲ್ಲಿದೆಯೋ ಆ ದೇಶಕ್ಕೇ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ದಿನಗಳು ಸಮವಾಗಿದ್ದರೆ ಮಾತ್ರ ಮೊದಲು ಪ್ರವೇಶಿಸುವ ದೇಶಕ್ಕೆ ಸಲ್ಲಿಸಬಹುದು. ಮೇಳವಿರುವುದು ಜರ್ಮನಿಯಲ್ಲಿ, ಅಪಾಯಿಂಟ್‌ಮೆಂಟ್ ಬೇಗ ಸಿಕ್ಕಿದ್ದು ಇನ್ನೊಂದು ದೇಶದ್ದು ಎಂದು ಅಲ್ಲಿಯೇ ಅರ್ಜಿ ಹಾಕಿ, ಇಲ್ಲದ ಹೋಟೆಲಿನ ಕಾಯ್ದಿರಿಸುವಿಕೆಯನ್ನು ಲಗತ್ತಿಸುವುದು ಜಾಣತನವಲ್ಲ. ಯಾವುದೇ 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚು ಅಲ್ಲಿರುವಂತಿಲ್ಲ. 2025ರ ಅಕ್ಟೋಬರ್ 12ರಿಂದ ಆಗಮನ, ನಿರ್ಗಮನಗಳನ್ನು ಗಣಕಯಂತ್ರದಲ್ಲಿ ದಾಖಲಿಸುವ ವ್ಯವಸ್ಥೆ ಆರಂಭವಾಗಿರುವುದರಿಂದ ದಿನಗಳ ಎಣಿಕೆಯಲ್ಲಿ ಇನ್ನು ಕಣ್ತಪ್ಪಿಗೆ ಜಾಗವಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಸಲ್ಲಿಸಬಹುದಾಗಿದ್ದು, ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನಗಳವರೆಗೂ ಹಿಡಿಯಬಹುದು. ಮೇಳದ ದಿನಾಂಕ ವರ್ಷದ ಮೊದಲೇ ಗೊತ್ತಿರುವಾಗ ಕೊನೆಯ ಮೂರು ವಾರಗಳಲ್ಲಿ ಓಡಾಡುವುದೇಕೆ?

ನಿಯಮ ಪಾಲಿಸಿದವರಿಗೆ ಪ್ರತಿಫಲವೂ ಇದೆ. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗಾಗಿ ಜಾರಿಗೆ ಬಂದ ನಿಯಮದಂತೆ, ಹಿಂದಿನ ಮೂರು ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾಗಳನ್ನು ಪಡೆದು ಸಕ್ರಮವಾಗಿ ಬಳಸಿದವರು ಎರಡು ವರ್ಷಗಳ ಬಹುಪ್ರವೇಶ ವೀಸಾ, ಅದರ ನಂತರ ಸಾಮಾನ್ಯವಾಗಿ ಐದು ವರ್ಷಗಳ ವೀಸಾ ಪಡೆಯಲು ಅವಕಾಶವಿದೆ. ಬ್ಯಾಂಕಿನಲ್ಲಿ ಸಾಲದ ಕಂತು ತಪ್ಪದೆ ಕಟ್ಟಿದವನಿಗೆ ಮುಂದಿನ ಸಾಲ ಸುಲಭವಾಗುವಂತೆಯೇ ಇದು. ಪಾಸ್‌ಪೋರ್ಟಿನ ಇತಿಹಾಸವೂ ವ್ಯಾಪಾರಿಯ ಒಂದು ಬಗೆಯ ಬಂಡವಾಳವೇ.

ಸಣ್ಣವರ ಅಹವಾಲು

ಈ ನಿಯಮಗಳೆಲ್ಲ ದೊಡ್ಡವರಿಗೆ ಅನುಕೂಲ, ಸಣ್ಣವರಿಗೆ ಹೊರೆ ಎಂಬ ಅಹವಾಲಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಅಮೆರಿಕದ ವೀಸಾ ಸಂದರ್ಶನಕ್ಕಾಗಿ ಬೆಂಗಳೂರಿನವರು ದಶಕಗಳ ಕಾಲ ಚೆನ್ನೈಗೆ ಅಲೆದಿದ್ದಾರೆ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು 2025ರ ಜನವರಿ 17ರಂದು. ಆಗಲೂ ವೀಸಾ ಸೇವೆ ಅದರಲ್ಲಿ ಸೇರಿರಲಿಲ್ಲ. ಕೋವಿಡ್ ನಂತರ 2022ರಲ್ಲಿ ಭೇಟಿ ವೀಸಾದ ಸಂದರ್ಶನಕ್ಕೆ ವರ್ಷಕ್ಕೂ ಮೀರಿ ಕಾಯಬೇಕಾದ ಸ್ಥಿತಿಯಿತ್ತು. ಖರೀದಿದಾರನು ಅಷ್ಟು ಕಾಲ ಕಾಯುವುದಿಲ್ಲ. ಇಂತಹ ಒತ್ತಡದಲ್ಲಿಯೇ ಅಡ್ಡದಾರಿಯ ಆಲೋಚನೆ ಹುಟ್ಟುವುದು.

ಆದರೆ ವಿಳಂಬ ಅನ್ಯಾಯವೆಂಬ ಕಾರಣಕ್ಕೆ ತಪ್ಪು ಹೇಳಿಕೆ ನ್ಯಾಯವಾಗುವುದಿಲ್ಲ. ಸುಳ್ಳು ಹೇಳಿಕೆ ಸಾಬೀತಾದರೆ ಅಮೆರಿಕದ ಕಾನೂನಿನಲ್ಲಿ ಶಾಶ್ವತ ಪ್ರವೇಶ ನಿಷೇಧಕ್ಕೂ ಅವಕಾಶವಿದೆ. ಹತ್ತು ದಿನಗಳ ಪ್ರವಾಸವನ್ನು ಉಳಿಸಲು ಹೋಗಿ ಒಂದು ಮಾರುಕಟ್ಟೆಯನ್ನೇ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭದ ವ್ಯಾಪಾರವಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಪೇಟೆಯಲ್ಲಿ ಹುಟ್ಟಿದ್ದೇ ಇರಬೇಕು.

ವಾಣಿಜ್ಯ ಮಂಡಳಿಗಳ ಹೊಣೆ

ಸದಸ್ಯರ ವೀಸಾ ಅರ್ಜಿಗಳಿಗೆ ಶಿಫಾರಸು ಪತ್ರ ನೀಡುವುದು ವಾಣಿಜ್ಯ ಮಂಡಳಿಗಳ ಹಳೆಯ ಸೇವೆ. 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾದಂದಿನಿಂದ ಈ ನಾಡಿನಲ್ಲಿ ಮಂಡಳಿಯ ಮುದ್ರೆಗೆ ಒಂದು ಬೆಲೆಯಿದೆ. ಆ ಬೆಲೆ ಉಳಿಯಬೇಕಾದರೆ ಶಿಫಾರಸು ಪತ್ರ ಕೇವಲ ಹೆಸರು ಬದಲಿಸುವ ನಮೂನೆಯಾಗಬಾರದು. ಹೋಗುವವರು ಯಾರು, ಯಾರನ್ನು ಕಾಣಲು, ಎಷ್ಟು ದಿನ, ಖರ್ಚು ಯಾರದು, ಅಲ್ಲಿ ಕೈಯಿಂದ ಮಾಡುವ ಕೆಲಸವೇನಾದರೂ ಇದೆಯೇ ಎಂಬ ಐದು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದ ನಂತರವೇ ಪತ್ರ ನೀಡುವ ಪದ್ಧತಿ ಬರಬೇಕು. ಅಳವಡಿಕೆ ಮತ್ತು ಮಾರಾಟಾನಂತರದ ಸೇವೆಯ ಷರತ್ತನ್ನು ಒಳಗೊಂಡ ಮಾದರಿ ಕರಾರೊಂದನ್ನು ವಕೀಲರಿಂದ ಸಿದ್ಧಪಡಿಸಿ ಎಲ್ಲ ಸದಸ್ಯರಿಗೂ ಒದಗಿಸಬೇಕು. ಮೇಳಗಳಿಗೆ ಒಯ್ಯುವ ಮಾದರಿಗಳಿಗೆ ಬೇಕಾಗುವ ಎಟಿಎ ಕಾರ್ನೆಟ್ ಪತ್ರವನ್ನು ಫಿಕ್ಕಿಯಿಂದ ಪಡೆಯುವ ಕ್ರಮವನ್ನೂ ಅದರೊಂದಿಗೆ ತಿಳಿಸಿಕೊಡಬಹುದು. ದಕ್ಷಿಣ ಬೆಂಗಳೂರಿನ ಸಣ್ಣ ಉದ್ದಿಮೆದಾರರು ತಮ್ಮ ದಿನದ ಕೆಲಸ ಬಿಟ್ಟು ನಗರದ ಮಧ್ಯಭಾಗಕ್ಕೆ ಅಲೆಯದಂತೆ, ಜಯನಗರ ಅಥವಾ ಬನಶಂಕರಿಯಲ್ಲಿಯೇ ತಿಂಗಳಿಗೊಂದು ಸಂಜೆ ಮಾರ್ಗದರ್ಶನ ಶಿಬಿರ ನಡೆಸುವುದು ಅಸಾಧ್ಯವೇನಲ್ಲ.

ಉದ್ದಿಮೆದಾರರ ಪಾಲಿನ ಕರ್ತವ್ಯ ಇನ್ನೂ ಸರಳವಾದದ್ದು. ಅರ್ಜಿಯನ್ನು ಏಜೆಂಟರು ತುಂಬಲಿ. ಆದರೆ ಸಹಿ ಹಾಕುವ ಮೊದಲು ಮಾಲೀಕರು ಅದನ್ನು ಆದ್ಯಂತವಾಗಿ ಓದಬೇಕು. ಆಹ್ವಾನ ಪತ್ರದಲ್ಲಿ ನಿಜವಾದ ಉದ್ದೇಶವೇ ಇರಬೇಕು. ಯಂತ್ರ ಮಾರುವವರು ಕರಾರಿನಲ್ಲಿ ಅಳವಡಿಕೆಯ ಷರತ್ತನ್ನು ಮೊದಲ ದಿನವೇ ಬರೆಸಬೇಕು. ಸರಕಿನ ಗುಣಮಟ್ಟದಲ್ಲಿ ರಾಜಿ ಮಾಡಿಕೊಳ್ಳದ ತಯಾರಕರು ತಮ್ಮ ಹೇಳಿಕೆಯ ಗುಣಮಟ್ಟದಲ್ಲೂ ಅದೇ ನಿಷ್ಠೆಯನ್ನು ತೋರಿದರೆ, ವಲಸೆ ಅಧಿಕಾರಿಯ ಕಿಟಕಿಯ ಮುಂದೆ ನಿಂತ ಅವರ ಫಿಟ್ಟರ್ ಯಾವ ಪದ ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಕಂಠಪಾಠ ಮಾಡಬೇಕಾದ ಪ್ರಮೇಯವೇ ಬರುವುದಿಲ್ಲ.