ಮಂಗಳೂರಿನಲ್ಲಿ ರೂಮು ಎಲ್ಲಿ ಹಿಡಿಯಬೇಕು?

ಪರೀಕ್ಷೆ ಮುಗಿದ ಮೇಲೆ ಮಂಗಳೂರಿಗೆ ಹೋಗುವುದು ನಮ್ಮ ಕಾಮರ್ಸ್ ತರಗತಿಯಲ್ಲಿ ಬಹುತೇಕ ತೀರ್ಮಾನವಾಗಿದೆ. ಜಗಳ ಇರುವುದು ಉಳಿಯುವ ಜಾಗದ ಬಗ್ಗೆ. ಅರ್ಧ ಜನ ಸುರತ್ಕಲ್ ಎನ್ನುತ್ತಾರೆ, ಕಣ್ಣು ಬಿಟ್ಟ ಕೂಡಲೇ ಸಮುದ್ರ ಕಾಣಬೇಕಂತೆ. ಮನೆಯ ಹಿರಿಯರದು ಒಂದೇ ಮಾತು: "ನಮ್ಮ ಜನ ಇರೋ ಏರಿಯಾದಾಗ ರೂಮು ಹಿಡೀರಿ." ಇದನ್ನು ನಗುತ್ತಾ ತಳ್ಳಿಹಾಕುವಂತಿಲ್ಲ. ನಮ್ಮಂಥ ಹುಡುಗಿಯರಿಗೆ ಮನೆಯಲ್ಲಿ ಅನುಮತಿ ಸಿಗುವುದು, ಬಿಡುವುದು ಏರಿಯಾದ ಹೆಸರಿನ ಮೇಲೆ ನಿಂತಿದೆ.

ನನ್ನ ಮತ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಸಾಧಾರಣ ಲಾಡ್ಜಿಗೆ. ಕಳೆದ ದಸರಾ ರಜೆಯಲ್ಲಿ ನಮ್ಮ ಕುಟುಂಬ ಎರಡೂ ಪ್ರಯೋಗ ಮಾಡಿ ಬಂದಿದೆ. ನಾವು ಮತ್ತು ನಾನಿ ಬಂದರಿನಲ್ಲಿ ಉಳಿದೆವು. ಮಾನ್ವಿಯ ಮಾಮು ಮಕ್ಕಳ ಹಟಕ್ಕೆ ಸುರತ್ಕಲ್‌ನಲ್ಲಿ ರೂಮು ಹಿಡಿದರು.

ಮೊದಲು ಒಂದು ಭ್ರಮೆ ಬಿಡಬೇಕು. ಮಂಗಳೂರು ಪೇಟೆಯಲ್ಲಿ ನಿಂತರೆ ಸಮುದ್ರ ಕಾಣುವುದಿಲ್ಲ. ನೇತ್ರಾವತಿ ಮತ್ತು ಗುರುಪುರ ನದಿಗಳು ಅಲ್ಲಿ ಸೇರುತ್ತವೆ, ನದಿಯ ಆಚೆ ಬೆಂಗ್ರೆಯ ಮರಳ ದಂಡೆ, ಅದರಾಚೆ ಸಮುದ್ರ. ಕೃಷ್ಣಾ, ತುಂಗಭದ್ರಾ ಎರಡರ ನಡುವೆ ಇದ್ದೂ ರಾಯಚೂರಿನಲ್ಲಿ ನಮಗೆ ಒಂದು ನದಿಯೂ ಕಾಣುವುದಿಲ್ಲವಲ್ಲ, ಹಾಗೆ. ಸಮುದ್ರ ಬೇಕಾದರೆ ಪಣಂಬೂರಿಗೋ ಸುರತ್ಕಲ್‌ಗೋ ಹೋಗಬೇಕು, ಇಲ್ಲವೇ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಬೇಕು.

ಮಾಮು ಅವರ ರೂಮು ನಮ್ಮದಕ್ಕಿಂತ ರಾತ್ರಿಗೆ 400 ರೂಪಾಯಿ ಕಡಿಮೆ. ಮೂರು ರಾತ್ರಿಗೆ 1,200 ಉಳಿಯಿತು ಎಂದು ಅವರಿಗೆ ಖುಷಿ. ಆದರೆ ಸುರತ್ಕಲ್ ಪೇಟೆಯಿಂದ ಸುಮಾರು 15 ಕಿಲೋಮೀಟರ್. ಮಾಮಿ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೆಗೆದು ಹಿಡಿದರೆ ಕಂಡಕ್ಟರ್ ನಕ್ಕುಬಿಟ್ಟನಂತೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ, ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಆರು ಜನರ ಟಿಕೆಟ್ಟು, ಒಂದು ರಾತ್ರಿ ಬಸ್ಸು ತಪ್ಪಿ ಹಿಡಿದ ಆಟೋ, ಎಲ್ಲ ಸೇರಿ ಎರಡು ಸಾವಿರ ದಾಟಿತು. ಒಟ್ಟು ವೆಚ್ಚ ಎಂದು ನಾವು ಎರಡು ಅಂಕಕ್ಕೆ ಬರೆಯುವುದನ್ನು ಮಾಮು ದುಡ್ಡು ಕೊಟ್ಟು ಕಲಿತರು. ಅವರ ಮಕ್ಕಳು ಬೆಳಗಾಗುತ್ತಲೇ ಅಲೆಯಲ್ಲಿ ಆಡಿದ್ದು ನಿಜ, ನನಗೆ ಸಿಕ್ಕಿದ್ದು ಒಂದೇ ಸಂಜೆಯ ಸಮುದ್ರ. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳು.

ನಾವು ಉಳಿದ ಜಾಗ ಸರಿಯಾಗಿತ್ತು, ಆರಿಸಿದ ಕಾರಣ ತಪ್ಪಾಗಿತ್ತು. ಅಬ್ಬು ಬಂದರನ್ನು ಆರಿಸಿದ್ದು "ನಮ್ಮ ಜನ" ಎಂಬ ಒಂದೇ ಕಾರಣಕ್ಕೆ. ಝೀನತ್ ಬಕ್ಷ್ ಮಸೀದಿಗೆ ಜುಮಾ ನಮಾಜಿಗೆ ನಡೆದೇ ಹೋದರು, ಅಲ್ಲಿನ ಕೆತ್ತನೆಯ ಮರದ ಕಂಬಗಳ ಮಾತು ಇನ್ನೂ ಆಡುತ್ತಾರೆ. ಆದರೆ ಅಲ್ಲಿನ ಮುಸ್ಲಿಮರಲ್ಲಿ ಹೆಚ್ಚಿನವರ ಮನೆಮಾತು ಬ್ಯಾರಿ. ನಾನಿ ಮೊದಲ ದಿನ ಎಲ್ಲರಿಗೂ ಸಲಾಂ ಹೇಳಿ ಉರ್ದುವಿನಲ್ಲಿ ಮಾತು ಶುರು ಮಾಡಿದರು, ಅವರು ಪ್ರೀತಿಯಿಂದ ತಲೆ ಆಡಿಸಿದರು, ಅಷ್ಟೇ. ರಾತ್ರಿ ನಾನಿಗೆ ಮೊಣಕಾಲು ನೋವು ಜೋರಾದಾಗ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಬಂದಿದ್ದು ನನ್ನ ಕನ್ನಡ. ಮನೆಯಲ್ಲಿ ಯಾರೂ ಆಡದ, ನಾನು ಅಂಕಕ್ಕಾಗಿ ಓದಿದ ಕನ್ನಡ.

ಇನ್ನೊಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಲಾಡ್ಜಿನವರು ನಮ್ಮ ಮಾತು ಕೇಳಿ ಮೊದಲು ಕೇಳಿದ್ದು, "ಕೆಲಸಕ್ಕೆ ಬಂದದ್ದಾ?" ಅಬ್ಬು ಮುಖ ಸಣ್ಣದಾಯಿತು. "ಅಲ್ಲ್ರೀ, ಊರು ನೋಡಾಕ ಬಂದೀವಿ" ಎಂದರು. ಅವರು ಹಾಗೆ ಏಕೆ ಕೇಳಿದರು ಎಂಬುದು ಮರುದಿನ ಬೆಳಿಗ್ಗೆ ತಿಳಿಯಿತು. ಹತ್ತಿರದ ವೃತ್ತದಲ್ಲಿ ಬುಟ್ಟಿ, ಸಲಿಕೆ ಹಿಡಿದು ಗಾರೆ ಕೆಲಸಕ್ಕೆ ಕರೆಯುವವರಿಗಾಗಿ ಜನ ನಿಂತಿದ್ದರು. ಚಹಾ ಅಂಗಡಿಯ ಬೆಂಚಿನಲ್ಲಿ ಕುಳಿತಿದ್ದ ನಾನಿಗೆ ಆ ಮಾತು ಕಿವಿಗೆ ಬಿತ್ತು. ನಾನಿಯ ತವರು ದೇವದುರ್ಗ, ಅಲ್ಲಿನ ಸಂತೆಯ ಕನ್ನಡ ಅವರಿಗೆ ಚೆನ್ನಾಗಿ ಬರುತ್ತದೆ. "ಯಾವೂರವ್ವ?" ಎಂದರು. ಆ ಹೆಣ್ಣುಮಗಳು "ದೇವದುರ್ಗದ ಕಡೇರಿ" ಎಂದಳು. ಮಳೆ, ಹತ್ತಿ, ಮಕ್ಕಳ ಶಾಲೆ ಎಂದು ಅರ್ಧ ಗಂಟೆ ಮಾತು ನಡೆಯಿತು. ರೂಮಿಗೆ ಬಂದ ನಾನಿ ಅಮ್ಮಿಗೆ ಹೇಳಿದ್ದು, "ಅಪ್ನೇ ಲೋಗಾಂ ಮಿಲೇ." ನಮ್ಮವರು ಸಿಕ್ಕರು ಅಂತ.

ಹಾಗಾಗಿ ನಿಮ್ಮ ಮನೆಯವರಿಗೆ ಏರಿಯಾದ ಹೆಸರು ಹೇಳುವ ಬದಲು ಈ ಲೆಕ್ಕ ಹೇಳಿ. ಸ್ಟೇಟ್ ಬ್ಯಾಂಕ್ ಹತ್ತಿರ ಉಳಿದರೆ ಸಂಜೆ ಕತ್ತಲಾದ ಮೇಲೂ ರಸ್ತೆಯಲ್ಲಿ ಜನ ಇರುತ್ತಾರೆ, ಸೆಂಟ್ರಲ್ ರೈಲು ನಿಲ್ದಾಣ ಹತ್ತಿರ, ಎಲ್ಲ ಕಡೆಗೂ ಬಸ್ಸು ಅಲ್ಲಿಂದಲೇ ಹೊರಡುತ್ತದೆ. ಬೆಳಿಗ್ಗೆ ಬೇಗ ಎದ್ದರೆ ದಕ್ಕೆಯಲ್ಲಿ ಮೀನಿನ ಹರಾಜು ನೋಡಬಹುದು. ಎಪಿಎಂಸಿಯಲ್ಲಿ ಹತ್ತಿ, ಭತ್ತ ನೋಡಿದ ನಮ್ಮ ಕಣ್ಣಿಗೆ ಅದು ಬೇರೆಯೇ ವ್ಯಾಪಾರ. ಸುರತ್ಕಲ್‌ಗೆ ಮಧ್ಯಾಹ್ನ ಹೋಗಿ ಎಂಟರೊಳಗೆ ವಾಪಸಾಗೋಣ. ಸುರತ್ಕಲ್ ಪಕ್ಷದವರು ಬಸ್ ಖರ್ಚನ್ನೂ ಸೇರಿಸಿ ತಮ್ಮ ಲೆಕ್ಕ ತರಲಿ, ಅದು ಕಡಿಮೆ ಬಂದರೆ ನಾನು ಪಕ್ಷ ಬದಲಿಸುತ್ತೇನೆ.