ಗೃಹಿಣಿಯ ಗವಾಕ್ಷಿ: ಮೆಟ್ಟಿಲೇರುವ ವಿದ್ಯುತ್ತು

ಹಬ್ಬ, ಹಾಡು, ಅಡಿಗೆ, ಮಕ್ಕಳ ಕನ್ನಡ ಇವುಗಳನ್ನು ಕುರಿತು ಈ ಅಂಕಣದಲ್ಲಿ ಬರೆಯುತ್ತ ಬಂದಿದ್ದೇನೆ. ಈ ಬಾರಿಯ ವಿಷಯ ಬೇರೆ. ನಮ್ಮ ನಡುವಿನ ಹಲವು ಇಂಜಿನಿಯರುಗಳಿಗೆ ಅನ್ನ ನೀಡುತ್ತಿದ್ದರೂ ಮನೆಯೊಳಗೆ ಎಂದೂ ಮಾತಿಗೆ ಬಾರದ ಯಂತ್ರವೊಂದಿದೆ. ಅದು ಬಹುಸ್ತರ ವಿದ್ಯುತ್ ಪರಿವರ್ತಕ. ರೂಢಿಯಲ್ಲಿ ಮಲ್ಟಿಲೆವೆಲ್ ಕನ್ವರ್ಟರ್. ಕಲಾವಿಭಾಗದ ಪದವೀಧರೆಗೆ ಇದರ ಗೊಡವೆ ಏಕೆಂದು ಕೇಳಬಹುದು. ಕುಡಿಯುವ ನೀರಿಗೂ ವಿದ್ಯುತ್ತಿನ ಬಿಲ್ಲಿಗೂ ಸಂಬಂಧಿಸಿದ ವಿಷಯ ಗೃಹಿಣಿಗೆ ಹೊರತಾದುದೇನಲ್ಲ.

ಬೆಂಗಳೂರಿಗೆ ಕಾವೇರಿಯ ನೀರು ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತ ಹಂತವಾಗಿ ಮೇಲೇರಿ ಬರುತ್ತದೆ. ಇಂತಹ ದೊಡ್ಡ ಪಂಪುಗಳಿಗೆ, ಸಿಮೆಂಟ್ ಕಾರ್ಖಾನೆಯ ಫ್ಯಾನುಗಳಿಗೆ, ಗಣಿಯ ಯಂತ್ರಗಳಿಗೆ ಮನೆಯ ವಿದ್ಯುತ್ತು ಸಾಲದು. ಭಾರತದಲ್ಲಿ 3,300, 6,600 ಅಥವಾ 11,000 ವೋಲ್ಟು, ಅಮೆರಿಕದಲ್ಲಿ ಸಾಮಾನ್ಯವಾಗಿ 4,160 ವೋಲ್ಟು ಬೇಕಾಗುತ್ತದೆ. ಮಧ್ಯಮ ವೋಲ್ಟೇಜ್ ಎನ್ನುವುದು ಇದನ್ನೇ.

ಇಂತಹ ಮೋಟಾರನ್ನು ಸದಾ ಪೂರ್ಣ ವೇಗದಲ್ಲಿ ಓಡಿಸಿ, ಹರಿವು ಕಡಿಮೆ ಬೇಕಾದಾಗ ಕವಾಟವನ್ನು ಅರ್ಧ ಮುಚ್ಚುವುದು ಹಳೆಯ ಪದ್ಧತಿ. ಒಲೆಯ ಉರಿಯನ್ನು ತಗ್ಗಿಸದೆ, ಉಕ್ಕುವ ಹಾಲಿಗೆ ತಣ್ಣೀರು ಚಿಮುಕಿಸಿದಂತೆ! ಫ್ಯಾನಿನ ವೇಗವನ್ನು ಶೇಕಡ 80ಕ್ಕೆ ಇಳಿಸಿದರೆ ಅದಕ್ಕೆ ಬೇಕಾಗುವ ಶಕ್ತಿ ಸುಮಾರು ಶೇಕಡ 51ಕ್ಕೆ ಇಳಿಯುತ್ತದೆ. ನೀರನ್ನು ಎತ್ತರಕ್ಕೆ ಏರಿಸುವಲ್ಲಿ ಉಳಿತಾಯ ಇಷ್ಟಿರದಿದ್ದರೂ ಅಲ್ಪವೇನಲ್ಲ.

ವೇಗವನ್ನು ಇಳಿಸಲು ವಿದ್ಯುತ್ತಿನ ಆವರ್ತನವನ್ನೇ ಬದಲಿಸಬೇಕು. ಪರಿವರ್ತಕವು ಏಸಿಯನ್ನು ಡಿಸಿಯಾಗಿಸಿ, ಅರೆವಾಹಕ ಸ್ವಿಚ್ಚುಗಳಿಂದ ಅದನ್ನು ಕತ್ತರಿಸಿ, ಬೇಕಾದ ಆವರ್ತನದ ಏಸಿಯನ್ನು ಮತ್ತೆ ಕಟ್ಟುತ್ತದೆ. ಎರಡೇ ಸ್ತರಗಳಿದ್ದರೆ ವೋಲ್ಟೇಜು ಒಂದು ತುದಿಯಿಂದ ಇನ್ನೊಂದಕ್ಕೆ ಒಮ್ಮೆಲೇ ಜಿಗಿಯುತ್ತದೆ. ಈ ಹೊಡೆತ ಸೆಕೆಂಡಿಗೆ ನೂರಾರು, ಸಾವಿರಾರು ಬಾರಿ ಬಿದ್ದು, ಮೋಟಾರಿನ ಸುರುಳಿಗಳ ನಿರೋಧಕ ಹೊದಿಕೆ ಸವೆಯುತ್ತದೆ. ಕೇಬಲ್ ಉದ್ದವಾಗಿದ್ದರೆ ಹೊಡೆತ ಸುಮಾರು ಇಮ್ಮಡಿಯಾಗಲೂಬಹುದು. ಮೇಲಾಗಿ, ಅಷ್ಟು ವೋಲ್ಟೇಜನ್ನು ಒಂಟಿ ಸ್ವಿಚ್ಚು ತಾಳಿಕೊಳ್ಳುವುದೂ ಕಷ್ಟ.

ಚಾಮುಂಡಿ ಬೆಟ್ಟವನ್ನು ಒಂದೇ ನೆಗೆತಕ್ಕೆ ಏರುವವರುಂಟೆ? ಮೆಟ್ಟಿಲು ಕಟ್ಟಿದುದರಿಂದ ಅಜ್ಜಿಯರೂ ಏರುತ್ತಾರೆ. ಬಹುಸ್ತರ ಪರಿವರ್ತಕದ ತತ್ತ್ವವೂ ಇಷ್ಟೇ. 1981ರಲ್ಲಿ ಜಪಾನಿನ ನಬಾಯೆ, ತಕಾಹಾಶಿ, ಅಕಾಗಿ ಎಂಬ ವಿದ್ವಾಂಸರು ಮೂರು ಸ್ತರಗಳ ಪರಿವರ್ತಕವನ್ನು ವಿವರಿಸುವ ಪ್ರಬಂಧವನ್ನು ಪ್ರಕಟಿಸಿದರು. 1990ರ ದಶಕದಲ್ಲಿ ಪೆನ್ಸಿಲ್ವೇನಿಯಾದ ರಾಬಿಕಾನ್ ಸಂಸ್ಥೆಯ ಪೀಟರ್ ಹ್ಯಾಮಂಡ್, ಸಣ್ಣ ಸಣ್ಣ ಕೋಶಗಳನ್ನು ಸರಪಣಿಯಂತೆ ಜೋಡಿಸುವ ಮಾರ್ಗವನ್ನು ಮಧ್ಯಮ ವೋಲ್ಟೇಜಿನ ಮೋಟಾರುಗಳಿಗೆ ತಂದರು. 480 ವೋಲ್ಟಿನ ಐದು ಕೋಶಗಳು ಸೇರಿದರೆ ಒಂದು ಫೇಸಿಗೆ 2,400 ವೋಲ್ಟು. ಮೂರು ಫೇಸುಗಳ ನಡುವೆ ಅದೇ 4,160 ವೋಲ್ಟು. ಒಂದೊಂದು ಫೇಸಿನಲ್ಲಿ ಹನ್ನೊಂದು ಮೆಟ್ಟಿಲುಗಳು. ಚುಕ್ಕಿಗಳು ಹೆಚ್ಚಿದಷ್ಟೂ ರಂಗೋಲಿಯ ಬಳುಕು ನಯವಾಗುವಂತೆ ಅಲೆಯೂ ನಯವಾಗುತ್ತದೆ.

ಇದರಲ್ಲಿ ನನಗೆ ಮೆಚ್ಚಿಗೆಯಾದುದು ಕೂಡುಕುಟುಂಬದ ನಡವಳಿಕೆ. ಒಂದು ಕೋಶ ಕೆಟ್ಟರೆ ಅದನ್ನು ಬದಿಗಿರಿಸಿ, ಉಳಿದವು ತುಸು ಕಡಿಮೆ ಬಲದಲ್ಲಿ ಕೆಲಸ ಮುಂದುವರಿಸುವಂತೆ ಏರ್ಪಡಿಸಬಹುದು. ಆದರೆ ಮನೆ ದೊಡ್ಡದಾದಷ್ಟೂ ಹೊಣೆಯೂ ಹೆಚ್ಚು: ಬಿಡಿಭಾಗಗಳು ನೂರಾರು, ಆರಂಭದ ಖರ್ಚೂ ಅಧಿಕ, ಕೋಶಗಳು ಭಾರವನ್ನು ಸಮನಾಗಿ ಹೊರುವಂತೆ ಸದಾ ಗಮನಿಸುತ್ತಿರಬೇಕು.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಹರಿಸಿದ ನಾಡು ನಮ್ಮದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಗೋಪಕುಮಾರ್ ಮತ್ತು ಅವರ ಶಿಷ್ಯರು ಬಹುಸ್ತರ ಪರಿವರ್ತಕಗಳ ಬಗ್ಗೆ, ಎರಡೂ ತುದಿಗಳಿಂದ ವಿದ್ಯುತ್ತು ಪಡೆಯುವ ಮೋಟಾರುಗಳ ಬಗ್ಗೆ ವಿಪುಲ ಸಂಶೋಧನೆ ನಡೆಸಿದ್ದಾರೆ.

ಕಾರ್ಖಾನೆಗಳಲ್ಲಿ, ನೀರು ಸರಬರಾಜಿನಲ್ಲಿ ಹೊಣೆ ಹೊತ್ತ ಪ್ರತಿನಿಧಿಗಳು ಈ ಸಭೆಯಲ್ಲಿ ಅನೇಕರಿದ್ದೀರಿ. ಯಂತ್ರದ ಬೆಲೆಪಟ್ಟಿಯನ್ನು ನೋಡುವಾಗ ಅದು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಉಳಿಸುವ ಅಥವಾ ಪೋಲು ಮಾಡುವ ವಿದ್ಯುತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಗ್ಗದ ಪಾತ್ರೆ ಹೆಚ್ಚು ಸೌದೆ ನುಂಗುತ್ತದೆಂಬುದು ಅಡಿಗೆಮನೆಯ ಹಳೆಯ ಅನುಭವ. ಹಾಗೆಯೇ, ನೀವು ಮಾಡುವ ಕೆಲಸವನ್ನು ಒಂದು ಸಂಜೆ ಮಡದಿ ಮಕ್ಕಳಿಗೆ, ತಾಯಿತಂದೆಯರಿಗೆ ಕನ್ನಡದಲ್ಲೇ ವಿವರಿಸಿರಿ. ಹೇಳುವವರಿದ್ದರೆ ಕೇಳುವವರಿಗೆ ಕೊರತೆಯಿಲ್ಲ.