ಹಳೆಯ ಕಾರಿಗೆ ನಾಚಿಕೆ, ಬಡ್ಡಿಗೆ ಇಲ್ಲವೇ?

ಮದುವೆ ಮಂಟಪದ ಅಂಗಳದಲ್ಲಿ ನಾವು ಮನುಷ್ಯರನ್ನು ಅವರ ವಾಹನದಿಂದ ಅಳೆಯುತ್ತೇವೆ. ಹೊಸ ಕಾರಿನಿಂದ ಇಳಿದವರಿಗೆ ಆದರದ ಸ್ವಾಗತ, ಹಳೆಯ ಮಾರುತಿ 800ರಿಂದ ಇಳಿದವರಿಗೆ ಕೊಂಕುನಗೆ. ಬಡ್ಡಿ ಹರಾಮ್ ಎಂದು ನಂಬಿದ ನಾವೇ, ಆ ಹೊಸ ಕಾರು ಎಷ್ಟು ವರ್ಷಗಳ ಬಡ್ಡಿಯ ಕಂತಿನ ಮೇಲೆ ನಿಂತಿದೆಯೆಂದು ಕೇಳುವುದಿಲ್ಲ.

1983ರಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಅದರ 796 ಸಿಸಿ ಎಂಜಿನ್ ಮೂರು ದಶಕ ಸಾಮಾನ್ಯ ಕುಟುಂಬಗಳನ್ನು ಹೊತ್ತು ಸಾಗಿತು. ಕಾರಿನ ಬೆಲೆ ಮೊದಲ ವರ್ಷಗಳಲ್ಲೇ ಹೆಚ್ಚು ಕುಸಿಯುತ್ತದೆ; ಆ ನಷ್ಟವನ್ನು ಮೊದಲ ಒಡೆಯನೇ ಭರಿಸಿರುತ್ತಾನೆ.

ಹಳೆಯದು ದಾರಿಯಲ್ಲಿ ಕೈಕೊಡುತ್ತದೆ ಎಂಬ ಆಕ್ಷೇಪವಿದೆ. ಪರಿಶೀಲಿಸದೆ ಕೊಂಡರೆ ಅದು ನಿಜ. ನಂಬಿಕಸ್ಥ ಮೆಕ್ಯಾನಿಕ್‌ಗೆ ತೋರಿಸಬೇಕು; 15 ವರ್ಷಗಳ ನೋಂದಣಿಯಲ್ಲಿ ಎಷ್ಟು ಉಳಿದಿದೆ, ಆರ್‌ಸಿಯಲ್ಲಿ ಹಳೆಯ ಸಾಲದ ನಮೂದು ಇದೆಯೇ ಎಂದು ನೋಡಬೇಕು; ವಿಮೆಯನ್ನು ನಮ್ಮ ಹೆಸರಿಗೆ ವರ್ಗಾಯಿಸಲು 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು.

ದುರಸ್ತಿಗೆ ಆಗಾಗ ಹಣ ಹೋಗುವುದು ದಿಟ. ಆದರೆ ಅದು ಬಡ್ಡಿಯಲ್ಲ. ಮಕ್ಕಳನ್ನು ಶಾಲೆಗೆ, ಹೆತ್ತವರನ್ನು ಆಸ್ಪತ್ರೆಗೆ ತಲುಪಿಸುವ ಕಾರಿನ ಬಣ್ಣ ಮಾಸಿದ್ದರೇನು? ಇನ್ನೊಬ್ಬರ ಹಳೆಯ ಕಾರನ್ನು ಕಂಡು ನಗುವ ಮುನ್ನ ನಮ್ಮ ಸಾಲದ ಲೆಕ್ಕವನ್ನೊಮ್ಮೆ ತೆರೆದು ನೋಡೋಣ.